ಮನಸ್ಸು ಕುಗ್ಗಿದಾಗ ಬೈಬಲ್ ಆ್ಯಪ್ ಎಷ್ಟು ಉಪಯೋಗಕ್ಕೆ ಬರುತ್ತದೆ? ಯೂವರ್ಷನ್ ಬಗ್ಗೆ ನನ್ನ ಅನಿಸಿಕೆ

ಯೂವರ್ಷನ್ ಬೈಬಲ್ ಆ್ಯಪ್ ಹೆಸರು ಕೇಳದ ಕ್ರೈಸ್ತರು ಕಡಿಮೆ. ಬೆಳಗ್ಗೆ ಬೈಬಲಿನ ಒಂದು ವಚನ ಬರುತ್ತದೆ, ನೋಡುತ್ತೇವೆ, ಯಾರಿಗಾದರೂ ಕಳಿಸುತ್ತೇವೆ, ಅಲ್ಲಿಗೆ ಮುಗಿಯಿತು. ನಾನು ಹೇಳಹೊರಟಿರುವುದು ಬೇರೆ ಬಳಕೆಯ ಬಗ್ಗೆ. ಆತಂಕ, ಸಿಟ್ಟು, ಕೊರಗು, "ನನ್ನಿಂದ ಏನೂ ಆಗಲ್ಲ" ಅನ್ನುವ ಯೋಚನೆ, ಇವೆಲ್ಲ ತಲೆಯೊಳಗೆ ಸುತ್ತುತ್ತಲೇ ಇರುವಾಗ ಈ ಆ್ಯಪ್ ನೆರವಿಗೆ ಬರುತ್ತದಾ? ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಆದರೆ ಅದು ಮುಂದೆ ತಂದು ತೋರಿಸುವ ಸೌಲಭ್ಯಗಳಿಗಿಂತ, ಒಳಗೆ ಸುಮ್ನೆ ಕೂತಿರುವ ಎರಡು ಸೌಲಭ್ಯಗಳೇ ಜಾಸ್ತಿ ಕೆಲಸ ಮಾಡುತ್ತವೆ. ಒಂದು ಆಡಿಯೋ, ಇನ್ನೊಂದು ಟಿಪ್ಪಣಿ.

ಮೊದಲು ಸಾಮಾನ್ಯ ವಿಷಯ ಮುಗಿಸಿಬಿಡುತ್ತೇನೆ. ಅಮೆರಿಕದ ಲೈಫ್.ಚರ್ಚ್ ಅನ್ನುವ ಸಭೆ ಇದನ್ನು 2008ರಲ್ಲಿ ಹೊರತಂದಿತು. ಹಣ ಕೊಡಬೇಕಾಗಿಲ್ಲ, ಜಾಹೀರಾತೂ ಇಲ್ಲ. ಜಾಹೀರಾತು ಇಲ್ಲದಿರುವುದು ಸಣ್ಣ ವಿಷಯ ಅಲ್ಲ. ನಿದ್ದೆ ಬಾರದ ಹೊತ್ತಿನಲ್ಲಿ, ಮನಸ್ಸು ಮೊದಲೇ ಸೋತಿರುವಾಗ, ಕೀರ್ತನೆಯ (ಬೈಬಲಿನಲ್ಲಿರುವ ಪ್ರಾರ್ಥನಾ ಗೀತೆಯ) ನಡುವೆ ಯಾರೋ ಏನನ್ನೋ ಮಾರಲು ಬಂದರೆ ಫೋನ್ ಎತ್ತಿ ಆಚೆ ಇಡೋಣ ಅನ್ನಿಸುತ್ತದೆ. ಇಲ್ಲಿ ಆ ಕಾಟ ಇಲ್ಲ. ಕನ್ನಡದಲ್ಲಿ ಒಂದಕ್ಕಿಂತ ಹೆಚ್ಚು ಅನುವಾದಗಳಿವೆ, ಹಳೆಯ ಶೈಲಿಯದೂ ಇದೆ, ಸರಳ ಮಾತಿನದೂ ಇದೆ. ದಣಿದಿದ್ದಾಗ ಸರಳವಾದದ್ದನ್ನೇ ತೆಗೆಯಿರಿ.

ಆ್ಯಪ್ ತೆರೆದ ಕೂಡಲೇ ಕಾಣುವ ದಿನದ ವಚನ ಈ ವಿಷಯದಲ್ಲಿ ನನಗೆ ಅಷ್ಟಾಗಿ ಉಪಯೋಗಕ್ಕೆ ಬಂದಿಲ್ಲ. ವಚನದಲ್ಲಿ ಕೊರತೆ ಏನಿಲ್ಲ. ಆದರೆ ಅಧ್ಯಾಯದಿಂದ ಕಿತ್ತು ಚಂದದ ಚಿತ್ರದ ಮೇಲೆ ಹಾಕಿದಾಗ ಅದರ ಅರ್ಧ ಬಲ ಹೋಗುತ್ತದೆ. ಯೆರೆಮೀಯ 29:11 ತೆಗೆದುಕೊಳ್ಳಿ. ನಿಮ್ಮ ವಿಷಯದಲ್ಲಿ ನನ್ನ ಆಲೋಚನೆ ಕೇಡಿನದಲ್ಲ, ನಿಮಗೆ ಒಳ್ಳೆಯ ಗತಿ ಬರಲಿ ಅನ್ನುವುದೇ ನನ್ನ ಉದ್ದೇಶ ಎಂದು ದೇವರು ಹೇಳುವ ವಚನ. ಕೆಲಸ ಹೋದವರಿಗೆ, ಮದುವೆ ಮುರಿದವರಿಗೆ, ಪರೀಕ್ಷೆ ಬರೆಯುವವರಿಗೆ, ಎಲ್ಲರಿಗೂ ಇದನ್ನೇ ಕಳಿಸುತ್ತೇವೆ ಅಲ್ವಾ? ಅದು ಬಾಬೆಲಿಗೆ ಸೆರೆ ಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರ. ಒಂದೇ ವಚನ ಹಿಂದೆ ಹೋದರೆ, ಮರಳಿ ಬರಲು 70 ವರ್ಷ ಆಗಬೇಕು ಅಂತಿದೆ. ಇನ್ನೂ ಹಿಂದೆ ಹೋದರೆ, ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ ಅಂತಿದೆ. ಸುಳ್ಳು ಭರವಸೆ ಕೊಡುವ ಪ್ರವಾದಿಗಳಿಗೆ ಕಿವಿಗೊಡಬೇಡಿ ಎಂದೂ ಅದೇ ಪತ್ರ ಹೇಳುತ್ತದೆ. ಎಲ್ಲವೂ ನಾಳೆಯೇ ಸರಿಹೋಗುತ್ತದೆ ಅನ್ನುವ ಮಾತು ಅಲ್ಲೆಲ್ಲೂ ಇಲ್ಲ. ಕುಗ್ಗಿದವರಿಗೆ ಬೇಕಾಗಿರುವುದು ಈ ಇಡೀ ಪತ್ರ, ಏಕೆಂದರೆ ಅದು ಕಾಯುವಿಕೆ ಎಷ್ಟು ಉದ್ದ ಅನ್ನುವುದನ್ನು ಮುಚ್ಚಿಡದೆ ಭರವಸೆ ಕೊಡುತ್ತದೆ. ದಿನದ ವಚನದಿಂದಲೇ ಪೂರ್ತಿ ಅಧ್ಯಾಯಕ್ಕೆ ಹೋಗಬಹುದು. ದಯವಿಟ್ಟು ಹೋಗಿ.

ಈಗ ಆಡಿಯೋ. ಎಲ್ಲ ಅನುವಾದಗಳಿಗೂ ಆಡಿಯೋ ಇರುವುದಿಲ್ಲ, ಪಟ್ಟಿಯಲ್ಲಿ ಸ್ಪೀಕರ್ ಚಿಹ್ನೆ ಇರುವುದನ್ನು ಆರಿಸಿಕೊಳ್ಳಬೇಕು. ಓದುವ ವೇಗ ಬದಲಿಸಬಹುದು, ಇಷ್ಟು ನಿಮಿಷಕ್ಕೆ ತಾನಾಗಿ ನಿಲ್ಲುವಂತೆ ಟೈಮರ್ ಇಡಬಹುದು. ಕೀರ್ತನೆಗಳನ್ನು ಕೇಳುವುದಕ್ಕೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ಆತಂಕದಲ್ಲಿರುವಾಗ ಕಣ್ಣು ಒಂದೇ ಸಾಲಿನ ಮೇಲೆ ಓಡಾಡುತ್ತದೆ, ಏನೂ ಒಳಗಿಳಿಯುವುದಿಲ್ಲ. ಆಗ ಇನ್ನೊಬ್ಬರ ದನಿ ನಮ್ಮ ಬದಲು ಓದಿದರೆ ಎಷ್ಟೋ ಹಗುರ.

ಹಾಗೆ ಮೊದಲಿನಿಂದ ಕೇಳುತ್ತಾ ಹೋದರೆ ಒಂದು ವಿಷಯ ತಾನಾಗಿ ಗಮನಕ್ಕೆ ಬರುತ್ತದೆ. 150 ಕೀರ್ತನೆಗಳಲ್ಲಿ ಸ್ತೋತ್ರದಷ್ಟೇ ಗಟ್ಟಿಯಾಗಿ ಗೋಳೂ ಇದೆ. 13ನೇ ಕೀರ್ತನೆ ಆರಂಭದಲ್ಲೇ "ಇನ್ನೆಷ್ಟು ಕಾಲ" ಅಂತ ನಾಲ್ಕು ಸಲ ಕೇಳುತ್ತದೆ. ನನ್ನನ್ನು ಮರೆತುಬಿಟ್ಟೆಯಾ ಅಂತ ದೇವರನ್ನೇ ನೇರವಾಗಿ ಕೇಳುವ ಪ್ರಾರ್ಥನೆ ಅದು. 22ನೆಯದರ ಮೊದಲ ಮಾತನ್ನು, ನನ್ನ ದೇವರೇ ಯಾಕೆ ನನ್ನ ಕೈಬಿಟ್ಟೆ ಅನ್ನುವುದನ್ನು, ಯೇಸು ಶಿಲುಬೆಯ ಮೇಲೆ ಕೂಗಿದರು. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನದ ಸಾಲನ್ನೂ ಸೇರಿಸಿಲ್ಲ. ನಂಬಿಕೆ ಇದ್ದವರು ಅಳಬಾರದು, ಸಿಟ್ಟಾಗಬಾರದು, ಯಾವಾಗಲೂ ಸ್ತೋತ್ರ ಹೇಳುತ್ತಿರಬೇಕು ಅಂತ ಯಾರಾದರೂ ನಿಮಗೆ ಹೇಳಿದ್ದರೆ, 88ನೇ ಕೀರ್ತನೆ ಹಾಕಿ ಕೇಳಿ. ಆ ಗೋಳು ಬೈಬಲಿನ ಒಳಗೇ ಇದೆ, ಅದನ್ನು ಯಾರೂ ತೆಗೆದು ಹಾಕಲಿಲ್ಲ. ನನ್ನ ಮಟ್ಟಿಗೆ ಇದು ದೊಡ್ಡ ಬಿಡುಗಡೆ. ಕೆಟ್ಟ ಭಾವನೆಯನ್ನು ಅದುಮಿಟ್ಟು ಆಮೇಲೆ ದೇವರ ಮುಂದೆ ಹೋಗಬೇಕಾಗಿಲ್ಲ, ಅದನ್ನೇ ಹೊತ್ತುಕೊಂಡು ಹೋಗಬಹುದು.

ಟಿಪ್ಪಣಿಯ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಏಕೆಂದರೆ ನಾನು ಈ ಆ್ಯಪ್ ಇಟ್ಟುಕೊಂಡಿರುವುದೇ ಅದಕ್ಕಾಗಿ. ಒಂದು ವಚನವನ್ನು ಮುಟ್ಟಿದರೆ ಅದರ ಕೆಳಗೆ ಚುಕ್ಕೆಗಳ ಗೆರೆ ಬೀಳುತ್ತದೆ, ಪರದೆಯ ತಳದಿಂದ ಬಣ್ಣಗಳ ಸಾಲು ಮೇಲೆ ಬರುತ್ತದೆ, ಅದರ ಜೊತೆ ಟಿಪ್ಪಣಿ ಬರೆಯುವ ಆಯ್ಕೆ ಇರುತ್ತದೆ. ಅಲ್ಲಿ ನಾನು ತಲೆಯಲ್ಲಿರುವ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ, ಭಕ್ತಿಯ ಭಾಷೆಗೆ ತಿರುಗಿಸದೆ. ಒಂದು ಉದಾಹರಣೆ: "ಮೀಟಿಂಗಲ್ಲಿ ಕೇಳಿದ್ದಕ್ಕೆ ಉತ್ತರ ಹೊಳೆಯಲಿಲ್ಲ. ಎಲ್ಲರೂ ನನ್ನನ್ನು ದಡ್ಡಿ ಅಂದುಕೊಂಡಿರುತ್ತಾರೆ. ಇನ್ನು ಇಲ್ಲಿ ನನಗೆ ಬೆಲೆ ಇಲ್ಲ." ಇದರ ಕೆಳಗೆ ನಡೆದದ್ದು ಯಾವುದು, ನಾನು ಸೇರಿಸಿದ್ದು ಯಾವುದು ಎಂದು ಬೇರೆ ಮಾಡುತ್ತೇನೆ. ನಡೆದದ್ದು ಮೊದಲ ಸಾಲು ಮಾತ್ರ. ಉಳಿದ ಎರಡೂ ನನ್ನ ಸೇರ್ಪಡೆ. ಈ ಟಿಪ್ಪಣಿಯನ್ನು ನಾನು ಅಂಟಿಸಿದ್ದು 1 ಕೊರಿಂಥ 4:3ಕ್ಕೆ. ನೀವು ನನ್ನ ಬಗ್ಗೆ ತೀರ್ಪು ಮಾಡಿದರೂ ನನಗದು ಸಣ್ಣ ವಿಷಯ, ನನ್ನ ಬಗ್ಗೆ ನಾನೇ ಕೂಡ ತೀರ್ಪು ಮಾಡಿಕೊಳ್ಳುವುದಿಲ್ಲ ಅನ್ನುತ್ತಾನೆ ಆ ಪತ್ರ ಬರೆದ ಪೌಲ, ಮುಂದಿನ ವಚನದಲ್ಲಿ ನನ್ನನ್ನು ವಿಚಾರಿಸುವವನು ಕರ್ತನೇ ಅನ್ನುತ್ತಾನೆ. "ನೀನು ತುಂಬಾ ಬುದ್ಧಿವಂತೆ, ಚಿಂತೆ ಬೇಡ" ಅಂತ ಯಾರೋ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಪೌಲ ಅದನ್ನು ಹೇಳುವುದಿಲ್ಲ. ಆ ತೀರ್ಪು ಕೊಡುವ ಕೆಲಸವನ್ನೇ ನನ್ನ ಕೈಯಿಂದಲೂ ಅವರ ಕೈಯಿಂದಲೂ ತೆಗೆದುಬಿಡುತ್ತಾನೆ. ಅದು ನಂಬುವಂಥ ಉತ್ತರ.

ಕೆಟ್ಟ ಯೋಚನೆಗೆ ವಾಕ್ಯದಿಂದ ಎದುರುತ್ತರ ಕೊಡುವ ಈ ಪದ್ಧತಿ ತುಂಬಾ ಹಳೆಯದು. 42ನೇ ಕೀರ್ತನೆ ಬರೆದವರು ತಮ್ಮ ಮನಸ್ಸನ್ನೇ ಎದುರಿಗೆ ಕೂರಿಸಿಕೊಂಡು, ಯಾಕೆ ಇಷ್ಟು ಕುಗ್ಗಿದ್ದೀಯ, ದೇವರಿಗಾಗಿ ಕಾದಿರು ಅನ್ನುತ್ತಾರೆ. ಅಡವಿಯಲ್ಲಿ ಸೈತಾನ ಮೂರು ಸಲ ಶೋಧಿಸಿದಾಗಲೂ ಯೇಸು ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದ ಮಾತಿನಿಂದಲೇ ಉತ್ತರ ಕೊಟ್ಟರು. ಈಜಿಪ್ಟಿನ ಮರುಭೂಮಿಯಲ್ಲಿ ಬದುಕಿದ್ದ, 399ರಲ್ಲಿ ತೀರಿಕೊಂಡ ಇವಾಗ್ರಿಯಸ್ ಅನ್ನುವ ಸನ್ಯಾಸಿ ಮನುಷ್ಯನನ್ನು ಕಾಡುವ ಯೋಚನೆಗಳನ್ನು ಎಂಟು ಬಗೆಯಾಗಿ ವಿಂಗಡಿಸಿದ. ಅದರಲ್ಲಿ ಸಿಟ್ಟು, ದುಃಖ, ಯಾವುದರಲ್ಲೂ ಮನಸ್ಸು ನಿಲ್ಲದ ಬೇಸರ ಎಲ್ಲವೂ ಇದ್ದವು. ಇಂಥ ಯೋಚನೆ ಬಂದರೆ ಇಂಥ ವಚನ ಹೇಳಿ ಎದುರಿಸು ಅಂತ ಸುಮಾರು 500 ವಚನಗಳನ್ನು ಜೋಡಿಸಿಟ್ಟ. 20ನೇ ಶತಮಾನದಲ್ಲಿ ಮನೋವೈದ್ಯ ಆರನ್ ಬೆಕ್ ಬೆಳೆಸಿದ ಮನೋಚಿಕಿತ್ಸೆಯಲ್ಲೂ ಯೋಚನೆಯನ್ನು ಬರೆದಿಟ್ಟು, ಅದು ನಿಜವಾ ಅಂತ ಪರೀಕ್ಷಿಸಿ, ಬೇರೆ ಉತ್ತರ ಬರೆಯುವ ಅಭ್ಯಾಸ ಇದೆ. ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ಇವಾಗ್ರಿಯಸ್ ಉತ್ತರ ಹುಡುಕಿದ್ದು ದೇವರ ಮಾತಿನಲ್ಲಿ. ಆದರೆ ಯೋಚನೆಯನ್ನು ಗುರುತಿಸಿ ಎದುರುತ್ತರ ಕೊಟ್ಟಾಗ ಅದರ ಹಿಡಿತ ಸಡಿಲವಾಗುತ್ತದೆ ಅನ್ನುವುದನ್ನು ಇಬ್ಬರೂ ಕಂಡಿದ್ದರು.

ಒಂದು ಎಚ್ಚರಿಕೆ. ಟಿಪ್ಪಣಿ ಯಾರಿಗೆ ಕಾಣಬೇಕು ಅನ್ನುವ ಆಯ್ಕೆ ಅಲ್ಲೇ ಇರುತ್ತದೆ. ಉಳಿಸುವ ಮೊದಲು ಖಾಸಗಿ ಅಂತ ಇದೆಯಾ ನೋಡಿಕೊಳ್ಳಿ. ಟಿಪ್ಪಣಿ ಉಳಿಯಬೇಕಾದರೆ ಖಾತೆ ತೆರೆಯಬೇಕು. ಮನಸ್ಸಿನ ಗುಟ್ಟು ಯಾವ ಆ್ಯಪ್‌ನಲ್ಲೂ ಬರೆಯಲು ಇಷ್ಟವಿಲ್ಲ ಅನ್ನುವವರು ಕಾಗದದ ಮೇಲೆ ಬರೆಯಲಿ, ಅದೂ ಅಷ್ಟೇ ಚೆನ್ನಾಗಿ ನಡೆಯುತ್ತದೆ.

ಆತಂಕ, ಖಿನ್ನತೆ, ಸಿಟ್ಟು, ಅಗಲಿಕೆ ಅಂತ ಆ್ಯಪ್‌ನಲ್ಲಿ ಹುಡುಕಿದರೆ ಓದುವ ಯೋಜನೆಗಳು, ಅಂದರೆ ದಿನಕ್ಕಿಷ್ಟು ಅಂತ ಜೋಡಿಸಿದ ಪಾಠಗಳು, ಸಾಲುಗಟ್ಟಿ ಬರುತ್ತವೆ. ಇಂಗ್ಲಿಷಿಗೆ ಹೋಲಿಸಿದರೆ ಕನ್ನಡದಲ್ಲಿ ಕಡಿಮೆ. ಬರೆದವರು ಬೇರೆ ಬೇರೆಯವರಾದ್ದರಿಂದ ಗುಣಮಟ್ಟವೂ ಒಂದೇ ಇರುವುದಿಲ್ಲ. ಒಳ್ಳೆಯದನ್ನು ಗುರುತಿಸಲು ನಾನು ಪ್ರವಾದಿ ಎಲೀಯನ ಕಥೆ ನೆನಪಿಟ್ಟುಕೊಂಡಿದ್ದೇನೆ. 1 ಅರಸುಗಳು 19ರಲ್ಲಿ ಆತ ಸಾಕಪ್ಪಾ ಈ ಜೀವ, ತೆಗೆದುಕೊಂಡುಬಿಡು ಅಂತ ಗಿಡದ ಕೆಳಗೆ ಮಲಗುತ್ತಾನೆ. ದೇವದೂತ ಬಂದು ಗದರಲಿಲ್ಲ, ನಿನಗೆ ನಂಬಿಕೆ ಸಾಲದು ಅನ್ನಲಿಲ್ಲ. ತಟ್ಟಿ ಎಬ್ಬಿಸಿ, ಎದ್ದು ತಿನ್ನು ಅಂದ. ರೊಟ್ಟಿ, ನೀರು ಇಟ್ಟಿದ್ದ. ಎಲೀಯ ತಿಂದು ಮತ್ತೆ ಮಲಗಿದ. ಎರಡನೇ ಸಲವೂ ಅದೇ, ದಾರಿ ದೂರ ಇದೆ, ತಿನ್ನು. ದೇವರ ಜೊತೆ ಮಾತುಕತೆ ನಡೆದದ್ದು ಅದೆಲ್ಲ ಆದಮೇಲೆ, ಹೋರೇಬ್ ಬೆಟ್ಟದಲ್ಲಿ. ಹೀಗೆ ಮೊದಲು ದೇಹಕ್ಕೆ ಊಟ, ನಿದ್ದೆ ಕೊಟ್ಟು ಆಮೇಲೆ ಮಾತಾಡುವ ಯೋಜನೆ ಒಳ್ಳೆಯದು. ಮೊದಲ ದಿನವೇ ಪಶ್ಚಾತ್ತಾಪ ಪಡು ಅಂತ ಶುರುಮಾಡುವುದನ್ನು ಖಿನ್ನತೆಯಲ್ಲಿರುವವರು ಬಿಟ್ಟುಬಿಡಲಿ.

ಫಿಲಿಪ್ಪಿ 4:6 ಬರದ ಆತಂಕದ ಯೋಜನೆ ನಾನು ನೋಡಿಲ್ಲ. ಯಾವ ವಿಷಯಕ್ಕೂ ಚಿಂತೆ ಮಾಡಬೇಡಿ. ಬರೀ ಅಷ್ಟನ್ನೇ ಓದಿದರೆ ಅದು ಅಪ್ಪಣೆ ಕೊಟ್ಟ ಹಾಗೆ ಕೇಳುತ್ತದೆ, ಚಿಂತೆ ನಿಲ್ಲದವರಿಗೆ ಇನ್ನೊಂದು ಕೊರಗು ಸೇರುತ್ತದೆ. ಪೌಲ ಅದನ್ನು ಬರೆದದ್ದು ಸೆರೆಯಲ್ಲಿ ಕೂತು. ಬೇಡ ಅಂದ ಕೂಡಲೇ ಏನು ಮಾಡಬೇಕು ಅಂತಲೂ ಹೇಳುತ್ತಾನೆ: ಬೇಕಾದ್ದನ್ನು ದೇವರ ಮುಂದೆ ಹೇಳಿ, ಕೃತಜ್ಞತೆಯೊಂದಿಗೆ ಹೇಳಿ. ಎಂಟನೇ ವಚನದಲ್ಲಿ ಸತ್ಯವಾದದ್ದು, ಮಾನ್ಯವಾದದ್ದು, ನ್ಯಾಯವಾದದ್ದು ಅಂತ ಯೋಚಿಸಬೇಕಾದವುಗಳ ಪಟ್ಟಿಯನ್ನೇ ಕೊಡುತ್ತಾನೆ. ಆ ಪಟ್ಟಿಯ ಮೊದಲ ಸ್ಥಾನ ಸತ್ಯಕ್ಕೆ, ಅದು ನನಗೆ ತುಂಬಾ ಇಷ್ಟ. ಹಿತವಾದ ಸುಳ್ಳಿನಿಂದ ಮನಸ್ಸು ತುಂಬಿಕೊಳ್ಳಿ ಅಂತ ಆತ ಹೇಳಲಿಲ್ಲ.

ಆ್ಯಪ್‌ನಲ್ಲಿ ನನಗೆ ಒಪ್ಪಿಗೆಯಾಗದ ವಿಷಯ ಒಂದಿದೆ, ಎಡೆಬಿಡದೆ ಎಷ್ಟು ದಿನ ತೆರೆದಿರಿ ಅಂತ ಲೆಕ್ಕ ಇಡುವುದು. ಶಿಸ್ತು ಬೇಕಾದವರಿಗೆ ಅದು ಹುರುಪು ಕೊಡಬಹುದು. ಆದರೆ ಹಾಸಿಗೆಯಿಂದ ಏಳುವುದಕ್ಕೇ ಕಷ್ಟವಾಗಿರುವ ವಾರದಲ್ಲಿ ಆ ಸಂಖ್ಯೆ ಮತ್ತೆ ಮೊದಲಿಗೆ ಬಂದು ನಿಂತರೆ ದೇವರೂ ಹಾಗೇ ಲೆಕ್ಕ ಇಡುತ್ತಾರೇನೋ ಅನ್ನಿಸಿಬಿಡುತ್ತದೆ. ಪ್ರಲಾಪಗಳು 3:22-23 ಅದಕ್ಕೆ ಎದುರುತ್ತರ, ಕರುಣೆ ದಿನದಿನವೂ ಹೊಸದಾಗಿ ಬರುತ್ತದೆ ಅನ್ನುತ್ತದೆ. ಓದುವ ಯೋಜನೆಯಲ್ಲಿ ದಿನ ತಪ್ಪಿದರೆ ತಾರೀಖನ್ನು ಮುಂದೆ ಸರಿಸಿಕೊಳ್ಳುವ ಸೌಲಭ್ಯ ಇದೆ, ಅದು ಒಳ್ಳೆಯದು.

ಇನ್ನು ಆ್ಯಪ್ ಮಾಡಲಾಗದ ಕೆಲಸ. ಅದು ನಿಮ್ಮ ಮುಖ ನೋಡಲಾರದು. ಒಬ್ಬರ ಭಾರ ಒಬ್ಬರು ಹೊತ್ತುಕೊಳ್ಳಿ ಅಂತ ಗಲಾತ್ಯ 6:2 ಹೇಳುವುದು ಮನುಷ್ಯರಿಗೆ. ಗೆತ್ಸೇಮನೆಯಲ್ಲಿ ಯೇಸು ಕೂಡ ತಮ್ಮ ಮನಸ್ಸು ಸಾಯುವಷ್ಟು ದುಃಖದಲ್ಲಿದೆ ಅಂತ ಬಾಯಿಬಿಟ್ಟು ಹೇಳಿ, ಜೊತೆಗಿರಿ ಅಂತ ಮೂವರನ್ನು ಕೇಳಿದರು. ವಾರಗಟ್ಟಲೆ ನಿದ್ದೆ, ಹಸಿವು, ಆಸಕ್ತಿ ಹೋಗಿದ್ದರೆ ವೈದ್ಯರ ಹತ್ತಿರ ಹೋಗಬೇಕು, ಮಾತ್ರೆ ಬರೆದುಕೊಟ್ಟರೆ ತೆಗೆದುಕೊಳ್ಳಬೇಕು. ಮಾತ್ರೆ ತೆಗೆದುಕೊಂಡರೆ ನಂಬಿಕೆ ಕಡಿಮೆ ಅಂತ ಅರ್ಥ ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ನಿಜವಾಗಿ ನೋವಾಗುತ್ತದೆ. ಪೌಲನ ಜೊತೆಗಿದ್ದ ಲೂಕ ವೈದ್ಯನೇ ಅಲ್ವಾ? ಲಂಡನ್ನಿನಲ್ಲಿ ಸಾವಿರಾರು ಜನರಿಗೆ ಬೋಧಿಸುತ್ತಿದ್ದ ಸ್ಪರ್ಜನ್ (1834–1892) ತಮ್ಮ ಖಿನ್ನತೆಯನ್ನು ಪ್ರಸಂಗಗಳಲ್ಲೇ ಬಿಚ್ಚಿ ಹೇಳುತ್ತಿದ್ದರು, ಅವರ ನಂಬಿಕೆಯನ್ನು ಯಾರು ಅನುಮಾನಿಸುತ್ತಾರೆ? ಸತ್ತುಹೋಗಬೇಕು ಅನ್ನುವ ಯೋಚನೆ ಬಂದರೆ ಟಿಪ್ಪಣಿ ಬರೆಯುತ್ತಾ ಕೂರಬೇಡಿ, ತಕ್ಷಣ ಒಬ್ಬರಿಗೆ ಫೋನ್ ಮಾಡಿ, ಒಬ್ಬರೇ ಇರಬೇಡಿ, ಆಸ್ಪತ್ರೆಗೆ ಹೋಗಿ.

ಇನ್ನೊಂದು ನಿಯಮ ನನ್ನ ಟಿಪ್ಪಣಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅದು ಯೇಸುಸಭೆಯನ್ನು (ಜೆಸ್ಯೂಟ್ ಸಂಘವನ್ನು) ಕಟ್ಟಿದ, 16ನೇ ಶತಮಾನದ ಲೊಯೋಲಾದ ಇಗ್ನೇಷಿಯಸ್ ಹೇಳಿದ್ದು. ಮನಸ್ಸು ಕತ್ತಲಾಗಿರುವಾಗ ಹೊಸ ನಿರ್ಧಾರ ಮಾಡಬೇಡ, ಬೆಳಕಿದ್ದಾಗ ಮಾಡಿದ ನಿರ್ಧಾರಕ್ಕೇ ಅಂಟಿಕೊಂಡಿರು. ರಾಜೀನಾಮೆ ಪತ್ರ, ಸಂಬಂಧ ಕಡಿದುಕೊಳ್ಳುವ ಮೆಸೇಜು, ಇವನ್ನೆಲ್ಲ ಆ ರಾತ್ರಿ ಕಳಿಸದಿರುವುದೇ ದೊಡ್ಡ ಕೆಲಸ.

ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ಒಂದು ಕಳೆದದ್ದು ಆ ದಿನದ ಲೆಕ್ಕಕ್ಕೆ ಮತ್ತು ಕನ್ನಡದ ಯೋಜನೆಗಳು ಕಡಿಮೆ ಇರುವುದಕ್ಕೆ. ಹೊಸದಾಗಿ ಹಾಕಿಕೊಳ್ಳುವವರು ಮೊದಲು ನೋಟಿಫಿಕೇಶನ್‌ಗಳಲ್ಲಿ ಬೇಡದ್ದನ್ನು ಆಫ್ ಮಾಡಿ. ಆಮೇಲೆ ಆಡಿಯೋ ಇರುವ ಅನುವಾದ ಆರಿಸಿ, 42 ಮತ್ತು 43ನೇ ಕೀರ್ತನೆಗಳನ್ನು ಒಟ್ಟಿಗೆ ಕೇಳಿ, ಎರಡರಲ್ಲೂ ಒಂದೇ ಪಲ್ಲವಿ ಇದೆ. ಆ ಪಲ್ಲವಿಯ ಮೇಲೆ ಬೆರಳಿಟ್ಟು, ಈಗ ತಲೆಯಲ್ಲಿರುವ ಮಾತನ್ನು ಮೊದಲ ಟಿಪ್ಪಣಿಯಾಗಿ ಬರೆಯಿರಿ.