ಉಣ್ಣಿ ಜ್ವರಕ್ಕೆ ಬುಪಾರ್ವಾಕ್ವೋನ್ ಇಂಜೆಕ್ಷನ್: ಭಾಲ್ಕಿ ಕಡೆಯ ಹೈನುಗಾರನ ವಿಮರ್ಶೆ

ದನಗಳಿಗೆ ಉಣ್ಣಿಯಿಂದ ಬರುವ ಥೈಲೇರಿಯಾ ರೋಗಕ್ಕೆ ಕೊಡುವ ಬುಪಾರ್ವಾಕ್ವೋನ್ ಇಂಜೆಕ್ಷನ್ ಈಗ ಬೀದರ, ಭಾಲ್ಕಿ ಕಡೆಯ ಪಶು ಔಷಧದ ಅಂಗಡಿಗಳಲ್ಲಿ ಸಿಗುತ್ತದೆ. ಕಂಪನಿಗೊಂದು ಹೆಸರಿದ್ದರೂ ಸೀಸೆಯ ಒಳಗಿರುವುದು ಒಂದೇ, ಪ್ರತಿ ಮಿಲಿಲೀಟರಿಗೆ 50 ಮಿಲಿಗ್ರಾಂ ಔಷಧವಿರುವ ಕೆಂಪು ದ್ರಾವಣ. ನಮ್ಮ ಮನೆಯ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಮಿಶ್ರತಳಿಯ ಆಕಳುಗಳಿಗೆ ಇದನ್ನು ಕೊಡಿಸಿದ ಅನುಭವದಿಂದ ಹೇಳುವುದಾದರೆ, ರೋಗ ಥೈಲೇರಿಯಾ ಎಂದು ಖಾತ್ರಿಯಾಗಿ ಜ್ವರದ ಮೊದಲ ದಿನಗಳಲ್ಲೇ ಬಿದ್ದರೆ ಇದರಷ್ಟು ನೆಚ್ಚಬಹುದಾದ ಔಷಧ ಬೇರೆ ಇಲ್ಲ. ಖಾತ್ರಿಯಿಲ್ಲದೆ ಕೊಟ್ಟರೆ ದುಡ್ಡೂ ಹೋಗುತ್ತದೆ, ದನವೂ ಕೈತಪ್ಪುತ್ತದೆ. ಇದಕ್ಕೆ ಕಾರಣ ತಿಳಿಯಬೇಕಾದರೆ, ರೋಗಾಣು ದನದ ಯಾವ ಜೀವಕೋಶವನ್ನು ಹೊಕ್ಕು ಅಲ್ಲಿ ಏನು ಮಾಡುತ್ತದೆ ಎಂಬುದನ್ನು ತಿಳಿಯಬೇಕು.

ನಮ್ಮ ಸೀಮೆಯಲ್ಲಿ ಕಾಡುವ ಥೈಲೇರಿಯಾ ಆನ್ಯುಲೇಟಾ ಎಂಬ ಏಕಕೋಶ ಪರಾವಲಂಬಿಯನ್ನು ಹರಡುವುದು ಹಯಲೋಮಾ ಜಾತಿಯ ಉಣ್ಣಿ. ಉಣ್ಣಿ ರಕ್ತ ಹೀರುವಾಗ ಅದರ ಜೊಲ್ಲಿನೊಂದಿಗೆ ಒಳಸೇರುವ ರೋಗಾಣು ಮೊದಲು ಹುಡುಕುವುದು ಕೆಂಪು ರಕ್ತಕಣವನ್ನಲ್ಲ, ರೋಗದ ವಿರುದ್ಧ ಹೋರಾಡಬೇಕಾದ ಬಿಳಿ ರಕ್ತಕಣಗಳನ್ನೇ. ಇದೇ ಬಳಗದ ಮಲೇರಿಯಾ ರೋಗಾಣು ತನ್ನ ಮೊನಚು ತುದಿಯನ್ನು ಕೋಶದ ಕಡೆಗೆ ತಿರುಗಿಸಿಕೊಂಡು ತಾನೇ ಒತ್ತಿ ನುಗ್ಗುತ್ತದೆ. ಥೈಲೇರಿಯಾಕ್ಕೆ ಚಲಿಸುವ ಶಕ್ತಿಯೇ ಇಲ್ಲ. ಅದು ಯಾವ ಮಗ್ಗುಲಿನಿಂದ ತಗುಲಿದರೂ ಸರಿ, ಅದರ ಮೇಲ್ಮೈಯೂ ಕೋಶದ ಪೊರೆಯೂ ಜಿಪ್ ಎಳೆದಂತೆ ಒಂದಕ್ಕೊಂದು ಕಚ್ಚಿಕೊಳ್ಳುತ್ತ ಹೋಗಿ, ಕಡೆಗೆ ಕೋಶವೇ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಒಳಗೆ ಹೋದ ಕೆಲವೇ ನಿಮಿಷಗಳಲ್ಲಿ ತನ್ನ ಸುತ್ತಲಿನ ಪೊರೆಯನ್ನು ಅದು ಕರಗಿಸಿಕೊಳ್ಳುವುದರಿಂದ, ಇಂಥ ಪೊರೆಯ ಚೀಲದಲ್ಲಿ ಸಿಕ್ಕ ವಸ್ತುಗಳನ್ನು ಕೋಶ ಜೀರ್ಣಿಸಿಬಿಡುವ ವ್ಯವಸ್ಥೆ ಇದರ ಮೇಲೆ ನಡೆಯುವುದಿಲ್ಲ.

ಆಮೇಲೆ ನಡೆಯುವುದು ಇನ್ನೂ ಅಚ್ಚರಿಯದು. ಹಲವು ಕೋಶಕೇಂದ್ರಗಳುಳ್ಳ ದೊಡ್ಡ ರೂಪಕ್ಕೆ ಬೆಳೆಯುವ ಪರಾವಲಂಬಿ, ತಾನು ಹೊಕ್ಕ ಬಿಳಿ ಕಣವನ್ನು ಕ್ಯಾನ್ಸರ್ ಕೋಶದಂತೆ ತಡೆಯಿಲ್ಲದೆ ವಿಭಜನೆಗೆ ಹಚ್ಚುತ್ತದೆ. ಕಣ ಎರಡಾಗುವಾಗ ವರ್ಣತಂತುಗಳನ್ನು ಬೇರ್ಪಡಿಸುವ ಎಳೆಗಳಿಗೇ ತಾನೂ ಅಂಟಿಕೊಂಡು, ಎರಡೂ ಮರಿಕಣಗಳಿಗೆ ಪಾಲಾಗಿ ಹಂಚಿಹೋಗುತ್ತದೆ. ಆಕಳ ಭುಜದ ಮುಂದಿನ ದುಗ್ಧರಸ ಗ್ರಂಥಿ (ಲಿಂಫ್ ಗ್ರಂಥಿ) ಗಡ್ಡೆಯಂತೆ ಉಬ್ಬಿ ಕೈಗೆ ಸಿಗುವುದು, ಜ್ವರ 105 ಡಿಗ್ರಿ ಫ್ಯಾರನ್‌ಹೀಟ್ ದಾಟುವುದು, ಆಕಳು ಗೋದಲಿಯ ಕಡೆ ಮುಖ ಹಾಕದಿರುವುದು ಈ ಹಂತದಲ್ಲಿ. ಕೆಂಪು ಕಣಗಳಿಗೆ ರೋಗಾಣು ಇಳಿಯುವುದು ಇದರ ನಂತರ. ರಕ್ತ ಕಡಿಮೆಯಾಗಿ ಕಣ್ಣಿನ ಒಳರೆಪ್ಪೆ ಬಿಳಿಚಿಕೊಳ್ಳುವುದು ಆಗ.

ಬುಪಾರ್ವಾಕ್ವೋನ್ ಕೆಲಸ ಮಾಡುವುದು ಪರಾವಲಂಬಿಯ ಶಕ್ತಿ ಉತ್ಪಾದನೆಯ ಮೇಲೆ. ಅದರ ಕೋಶದಲ್ಲಿ ಶಕ್ತಿ ತಯಾರಿಸುವ ಭಾಗವಾದ ಮೈಟೊಕಾಂಡ್ರಿಯದ ಸೈಟೋಕ್ರೋಮ್ ಬಿ ಎಂಬ ಪ್ರೋಟೀನಿಗೆ ತಗುಲಿ ಉಸಿರಾಟದ ಸರಪಳಿಯನ್ನು ಕಡಿಯುತ್ತದೆ. ಪ್ರಯೋಗಾಲಯದಲ್ಲಿ ಬೆಳೆಸಿದ ಸೋಂಕಿತ ಕಣಗಳಿಗೆ ಈ ಔಷಧ ಹಾಕಿದಾಗ ಪರಾವಲಂಬಿ ಸಾಯುತ್ತದೆ, ಅದರೊಂದಿಗೆ ಬಿಳಿ ಕಣದ ಹುಚ್ಚು ವಿಭಜನೆಯೂ ನಿಲ್ಲುತ್ತದೆ. ರೋಗದ ಮೂಲಕ್ಕೇ ಕೈ ಹಾಕುವ ಈ ಗುಣಕ್ಕಾಗಿಯೇ ನಾನು ಇದನ್ನು ಇಷ್ಟು ಮೆಚ್ಚುತ್ತೇನೆ. ನಮ್ಮಲ್ಲಿ ಹೊತ್ತಿಗೆ ಸರಿಯಾಗಿ ಚುಚ್ಚಿಸಿದ ಆಕಳುಗಳ ಜ್ವರ ಇಳಿದು, ಅವು ಮತ್ತೆ ಕಣಿಕಿ ಮೇಯತೊಡಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ತಡವಾದರೆ ಮಾತು ಬೇರೆ. ರಕ್ತಹೀನತೆ ಮುಂದುವರಿದ ದನಕ್ಕೆ ಇದೊಂದೇ ಸಾಲದು, ರಕ್ತ ಕೊಡುವ ಸ್ಥಿತಿಯೂ ಬರಬಹುದು.

ಗೊಂದಲ ಆಗುವುದು ಬಬೇಸಿಯಾ ರೋಗದೊಂದಿಗೆ. ಅದೂ ಉಣ್ಣಿಯಿಂದಲೇ ಬರುತ್ತದೆ, ಜ್ವರವೂ ಅಷ್ಟೇ ಜೋರು. ಆದರೆ ಆ ರೋಗಾಣು ಬಿಳಿ ಕಣದ ತಂಟೆಗೆ ಹೋಗದೆ ನೇರವಾಗಿ ಕೆಂಪು ಕಣಕ್ಕೆ ನುಗ್ಗಿ, ಅಲ್ಲೇ ಎರಡಾಗಿ, ಕಣವನ್ನು ಒಡೆದು ಹೊರಬರುತ್ತದೆ. ಒಡೆದ ಕಣಗಳ ಹಿಮೋಗ್ಲೋಬಿನ್ ಮೂತ್ರಕ್ಕೆ ಇಳಿದು ಉಚ್ಚೆ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಅದಕ್ಕೆ ಕೊಡಬೇಕಾದದ್ದು ಡಿಮಿನಜೀನ್, ಬುಪಾರ್ವಾಕ್ವೋನ್ ಅಲ್ಲ. ಅಂಗಡಿಯೊಂದರಲ್ಲಿ ಜ್ವರ ಎಂದಷ್ಟೇ ಕೇಳಿ ಈ ದುಬಾರಿ ಸೀಸೆಯನ್ನು ಕೈಗಿಟ್ಟಿದ್ದು ನನಗೆ ಸರಿ ಕಾಣಲಿಲ್ಲ. ದನದ ದವಾಖಾನೆಯಲ್ಲಿ ವೈದ್ಯರು ಉಬ್ಬಿದ ಗ್ರಂಥಿಗೆ ಸೂಜಿ ಚುಚ್ಚಿ ತೆಗೆದ ಹನಿ ರಸವನ್ನು ಗಾಜಿನ ಪಟ್ಟಿಯ ಮೇಲೆ ತೆಳುವಾಗಿ ಹರಡಿ, ಗೀಮ್ಸಾ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ತೋರಿಸಿದ್ದರು: ಬಿಳಿ ಕಣದೊಳಗೆ ನೀಲಿ ತಿಟ್ಟು, ಅದರ ತುಂಬ ಕೆನ್ನೇರಳೆ ಚುಕ್ಕೆಗಳು. ವಿಜ್ಞಾನಿ ರಾಬರ್ಟ್ ಕಾಖನ ಹೆಸರಿನಲ್ಲಿ ಕಾಖನ ನೀಲಿಕಾಯಗಳು ಎಂದು ಕರೆಯುವುದು ಇವನ್ನೇ. ಇವು ಕಂಡ ಮೇಲೆ ಔಷಧದ ಬಗ್ಗೆ ಅನುಮಾನ ಉಳಿಯುವುದಿಲ್ಲ.

ಪ್ರಮಾಣ 20 ಕಿಲೋ ತೂಕಕ್ಕೆ ಒಂದು ಮಿಲಿಲೀಟರ್, ಕುತ್ತಿಗೆಯ ಸ್ನಾಯುವಿಗೆ. 400 ಕಿಲೋ ಆಕಳಿಗೆ 20 ಮಿಲಿಲೀಟರ್ ಆಗುವುದರಿಂದ ಒಂದೇ ಜಾಗಕ್ಕೆ ಹಾಕದೆ ಎರಡು ಕಡೆ ಹಂಚಬೇಕು. ಬೇಕೆನಿಸಿದರೆ ವೈದ್ಯರು 48ರಿಂದ 72 ತಾಸಿನ ನಡುವೆ ಮತ್ತೊಮ್ಮೆ ಕೊಡುತ್ತಾರೆ. ತೂಕವನ್ನು ಅಂದಾಜಿನಲ್ಲಿ ಇಳಿಸಿ ಕಡಿಮೆ ಕೊಡುವ ರೂಢಿ ಬಿಡಬೇಕು. ಟ್ಯುನೀಷಿಯಾ, ಇರಾನ್, ಸುಡಾನ್ ದೇಶಗಳಲ್ಲಿ ಸೈಟೋಕ್ರೋಮ್ ಬಿ ಜೀನ್ ಬದಲಾಗಿ ಔಷಧಕ್ಕೆ ಬಗ್ಗದ ರೋಗಾಣು ತಳಿಗಳು ಈಗಾಗಲೇ ಕಂಡಿವೆ. ಇಷ್ಟು ಮುಖ್ಯವಾದ ಸೂಚನೆಗಳಿರುವ ಚೀಟಿ ನನಗೆ ಸಿಕ್ಕ ಸೀಸೆಯೊಂದಿಗೆ ಸಣ್ಣಕ್ಷರದ ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಚುಚ್ಚಿಸಿದ ಮೇಲೆ ನಿಗದಿತ ಅವಧಿಯವರೆಗೆ ಹಾಲನ್ನು ಡೇರಿಗೆ ಹಾಕಬಾರದು ಎಂಬ ಮಾತೂ ಅದರಲ್ಲೇ ಹೂತಿತ್ತು. ಕನ್ನಡದಲ್ಲಿ ನಾಲ್ಕು ಸಾಲು ಮುದ್ರಿಸುವುದು ಕಂಪನಿಗಳಿಗೆ ಭಾರವಾಗಲಾರದು.

ನಮ್ಮ ಜವಾರಿ ದೇವಣಿ ದನಗಳು ಈ ರೋಗವನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ. ಎಚ್‌ಎಫ್, ಜರ್ಸಿ ಮಿಶ್ರತಳಿ ಕಟ್ಟಿದವರಿಗೆ ಈ ಇಂಜೆಕ್ಷನ್ ಯಾವ ಅಂಗಡಿಯಲ್ಲಿದೆ ಎಂಬುದು ಮಳೆಗಾಲಕ್ಕೆ ಮೊದಲೇ ಗೊತ್ತಿರಬೇಕು. ಗುಣವಾದ ದನದಲ್ಲೂ ರೋಗಾಣು ಅಷ್ಟಿಷ್ಟು ಉಳಿದು ಉಣ್ಣಿಗೆ ದಾಟುತ್ತಿರುತ್ತದೆ, ಆ ಉಣ್ಣಿ ಕೊಟ್ಟಿಗೆಯ ಗೋಡೆಯ ಬಿರುಕುಗಳಲ್ಲಿ ಅಡಗಿ ಮೊಟ್ಟೆಯಿಡುತ್ತದೆ. ಆದ್ದರಿಂದ ಬಿರುಕುಗಳನ್ನು ಮೆತ್ತಿಸುವ ಖರ್ಚನ್ನೂ ಈ ಸೀಸೆಯ ಬೆಲೆಯೊಂದಿಗೇ ಲೆಕ್ಕಕ್ಕೆ ಹಿಡಿಯುವುದು ಒಳ್ಳೆಯದು.