24 ಮೈಬಣ್ಣದ ಕ್ರೇಯಾನ್ ಡಬ್ಬಿ: ಶಿಶುವಿಹಾರಕ್ಕೆ ತರಬಹುದೇ?

ಮಗು "ಚರ್ಮದ ಬಣ್ಣ ಕೊಡಿ" ಅಂದರೆ ಕೈಗೆ ಸಿಗುವುದು ಸಾಮಾನ್ಯವಾಗಿ ಒಂದೇ, ಆ ಪೀಚ್ ಕಡ್ಡಿ. ಕ್ರೇಯೋಲಾ ಕಂಪನಿ ಅದನ್ನು ಮೊದಲು 'ಫ್ಲೆಶ್' ಎಂದೇ ಕರೆಯುತ್ತಿತ್ತು. 1962ರಲ್ಲಿ ಹೆಸರು ಬದಲಾಯಿಸಿತು. ಹೆಸರು ಹೋಯಿತು, ಅಭ್ಯಾಸ ಹೋಗಲಿಲ್ಲ. ಅದೇ ಕಂಪನಿ 2020ರಲ್ಲಿ ತಂದ 'ಕಲರ್ಸ್ ಆಫ್ ದ ವರ್ಲ್ಡ್' ಡಬ್ಬಿಯಲ್ಲಿ 24 ಮೈಬಣ್ಣಗಳಿವೆ.

ಇದರ ನಿಜವಾದ ಗುಣ ಸಂಖ್ಯೆಯಲ್ಲಿಲ್ಲ, ಛಾಯೆಯಲ್ಲಿದೆ. ತಿಳಿ, ಕಡು ಎಂದು ವಿಂಗಡಿಸಿ ಸುಮ್ಮನಾಗದೆ ಆಲ್ಮಂಡ್, ಗೋಲ್ಡನ್, ರೋಸ್ ಎಂದು ಒಳಛಾಯೆಗಳನ್ನೂ ಬೇರೆ ಮಾಡಿದ್ದಾರೆ. ಒಂದೇ ಮಟ್ಟದ ಕಪ್ಪಿರುವ ಇಬ್ಬರು ಮಕ್ಕಳಲ್ಲಿ ಒಬ್ಬಳದು ಹಳದಿ ಬೆರೆತದ್ದು, ಇನ್ನೊಬ್ಬಳದು ಕೆಂಪು ಬೆರೆತದ್ದು ಎನ್ನುವುದು ಕಾಗದದ ಮೇಲೂ ಕಾಣುತ್ತದೆ.

ಬಣ್ಣ ಹೊಂದಿಸುವಾಗ ಕಡ್ಡಿಯನ್ನೇ ಕೈಗೆ ಹಿಡಿದು ನೋಡಿದರೆ ಮೋಸ ಹೋಗುತ್ತೀರಿ. ಮೇಣದ ಕಡ್ಡಿ ಗೀಚಿದ್ದಕ್ಕಿಂತ ಕಡುವಾಗಿ ಕಾಣುತ್ತದೆ. ಒಂದು ದಪ್ಪ ಹಾಳೆಯಲ್ಲಿ 24 ಬಣ್ಣವನ್ನೂ ಒತ್ತಿ, ಎರಡೆರಡು ಪದರ ಹಚ್ಚಿ, ಪಟ್ಟಿಗಳಾಗಿ ಕತ್ತರಿಸಿ. ಕಿಟಕಿಯ ಬೆಳಕಿನಲ್ಲಿ ಮಗುವೇ ಪಟ್ಟಿಯನ್ನು ಮುಂಗೈ ಮೇಲೆ ಇಟ್ಟು ನೋಡಲಿ. ಅಂಗೈ ಬೇಡ, ಅದು ಬಹುತೇಕ ಎಲ್ಲರದೂ ತಿಳಿ. ಟ್ಯೂಬ್‌ಲೈಟಿನ ಕೆಳಗೆ ಗೋಲ್ಡನ್, ಆಲ್ಮಂಡ್ ಎರಡೂ ಒಂದೇ ಥರ ಕಾಣುತ್ತವೆ. ಒಂದು ಬಣ್ಣ ಸರಿಹೋಗದಿದ್ದರೆ ಎರಡು ಬಣ್ಣ ಒಂದರ ಮೇಲೊಂದು ಹಚ್ಚಲಿ. ಮೊದಲು ತಿಳಿ, ಮೇಲೆ ಕಡು.

ಶಿಕ್ಷಕಿಯೇ "ನಿನ್ನದು ಇದು" ಎಂದು ಎತ್ತಿಕೊಟ್ಟರೆ ಆಟ ಅಲ್ಲಿಗೆ ಮುಗಿಯಿತು. ಅದಕ್ಕಿಂತ ಕೆಟ್ಟದ್ದು, ಮಕ್ಕಳ ಚಿತ್ರಗಳನ್ನು ಬಿಳುಪಿನಿಂದ ಕಪ್ಪಿಗೆ ಸಾಲಾಗಿ ಗೋಡೆಗೆ ಅಂಟಿಸುವುದು. ಅಂದವಾಗಿ ಕಾಣುತ್ತದೆ ನಿಜ, ಆದರೆ ನಾಲ್ಕು ವರ್ಷದ ಮಗು ಅದನ್ನು ರ‍್ಯಾಂಕ್ ಪಟ್ಟಿಯಂತೆ ಓದಿಕೊಳ್ಳುತ್ತದೆ.

ಕೊರತೆಗಳೂ ಇವೆ. ಬಿಳಿ ಹಾಳೆಯಲ್ಲಿ ತೀರ ತಿಳಿ ಬಣ್ಣಗಳು ಮಾಯವಾಗುತ್ತವೆ. ಕಂದು ಹಾಳೆ ಕೊಡಿ. ಹೆಸರುಗಳು ಇಂಗ್ಲಿಷ್, ಸ್ಪ್ಯಾನಿಷ್, ಫ್ರೆಂಚ್‌ನಲ್ಲಿವೆ. ಸುತ್ತಿದ ಕಾಗದ ಹರಿದರೆ ಅಕ್ಕಪಕ್ಕದ ಬಣ್ಣಗಳನ್ನು ಗುರುತಿಸುವುದು ದೊಡ್ಡವರಿಗೂ ಕಷ್ಟ. ಗೋಧಿ, ಎಣ್ಣೆಗೆಂಪು, ಜೇನು ಎಂದು ಮಕ್ಕಳೇ ಹೆಸರಿಟ್ಟರೆ ಬೇಗ ನೆನಪಿರುತ್ತದೆ. ಒಂದೇ ತರಗತಿಯಲ್ಲಿ ಐದಾರು ಬಣ್ಣ ಬೇಗ ಸವೆದು ಉಳಿದವು ಹೊಸದಾಗೇ ಇರುತ್ತವೆ, ಹಾಗಾಗಿ ಎಂಟು ಮಕ್ಕಳಿಗೆ ಎರಡು ಡಬ್ಬಿ ಬೇಕು. ಇದೇ ಸರಣಿಯ 32 ಕಡ್ಡಿಗಳ ಡಬ್ಬಿಯಲ್ಲಿ ಕೂದಲು, ಕಣ್ಣಿಗೆಂದು 8 ಬಣ್ಣ ಹೆಚ್ಚು ಇವೆ. ಮಾಮೂಲಿ ಕ್ರೇಯಾನ್ ಇದ್ದರೆ ಅದು ಬೇಕಿಲ್ಲ.

ಮೈಬಣ್ಣವೇ ಸಂಸ್ಕೃತಿಯಲ್ಲ. ಮನೆಮಾತು, ಉಡುಪು, ಅಜ್ಜಿಯನ್ನು ಕರೆಯುವ ಬಗೆ ಇವೆಲ್ಲ ಈ ಡಬ್ಬಿಯೊಳಗೆ ಬರುವುದಿಲ್ಲ. 'ವೈವಿಧ್ಯ ದಿನ'ಕ್ಕೆ ಮಾತ್ರ ಬೀರುವಿನಿಂದ ತೆಗೆಯುವುದಾದರೆ ಕೊಳ್ಳಲೇಬೇಡಿ. ಕೊಂಡರೆ ಮೊದಲ ದಿನವೇ ಡಬ್ಬಿ ಒಡೆದು, ಕೆಂಪು, ನೀಲಿ, ಹಸಿರು ಇರುವ ದಿನಬಳಕೆಯ ತಟ್ಟೆಗೇ ಸುರಿದುಬಿಡಿ.