ನಾಯಿಯನ್ನ ಟ್ರೇನಿಂಗ್‌ಗೆ ಅಂತ ಬಿಟ್ಟು ಬರೋ ಮುಂಚೆ ಇದನ್ನ ಓದಿ

ನಾಯಿನ ನಮ್ಮ ಹತ್ರ ಬಿಟ್ಟು ಹೋಗಿ, 45 ದಿನಕ್ಕೆ ಹೇಳಿದ ಮಾತು ಕೇಳೋ ಹಾಗೆ ಮಾಡಿ ಕೊಡ್ತೀವಿ ಅಂತ ಯಾರಾದರೂ ಹೇಳಿದ್ರೆ ದಯವಿಟ್ಟು ಬಿಡಬೇಡಿ. ಎಷ್ಟೇ ಕಷ್ಟ ಆಗಿರಲಿ, ಬಿಡಬೇಡಿ. ನಾನು ಬಿಟ್ಟೆ. 38 ಸಾವಿರ ಹೋಯ್ತು, ದುಡ್ಡು ಹೋಗ್ಲಿ, ಹೋಗಿದ್ದ ನಾಯಿ ವಾಪಸ್ ಬರಲಿಲ್ಲ. ಬಂದಿದ್ದು ಬೇರೆ ಯಾವುದೋ ನಾಯಿ. ಮೂರು ವಾರದಿಂದ ಇದನ್ನ ಬರೀಬೇಕು ಅಂತ ಕೂರ್ತೀನಿ, ನಾಚಿಕೆಯಾಗಿ ಎದ್ದು ಹೋಗ್ತೀನಿ. ಇವತ್ತು ಬರೆದೇ ತೀರ್ತೀನಿ.

ನಮ್ಮ ಮಲ್ಲ ಮುಧೋಳ ನಾಯಿ. ನಮ್ಮ ಯಜಮಾನ್ರ ಊರು ಲೋಕಾಪುರದ ಕಡೆ, ಅವರ ಸೋದರಮಾವನ ತೋಟದಿಂದ ಮರಿಯಾಗಿದ್ದಾಗ ತಂದಿದ್ದು. ಮೈಸೂರಿನ ನಮ್ಮ ಚಿಕ್ಕ ಮನೆಗೆ ಆ ಜಾತಿ ನಾಯಿ ತರಬಾರದಿತ್ತು ಅಂತ ಈಗ ಎಲ್ಲರೂ ಹೇಳ್ತಾರೆ, ಒಪ್ತೀನಿ. ಮೊಲ ಓಡಿಸೋಕೆ ಅಂತಲೇ ಬೆಳೆಸಿದ ನಾಯಿ ಅದು. ದೂರದಲ್ಲಿ ಏನಾದ್ರೂ ಅಲ್ಲಾಡಿದ್ರೆ ಸಾಕು, ಮೈಯೆಲ್ಲ ಬಿಲ್ಲಿನ ಹಾಗಾಗುತ್ತೆ. ನಮ್ಮ ಬೀದೀಲಿ ಮೊಲ ಎಲ್ಲಿ, ಸ್ಕೂಟರ್ ಅಟ್ಟಿಸಿಕೊಂಡು ಹೋಗ್ತಿದ್ದ. ಊಟದ ತಟ್ಟೆ ಹತ್ರ ಹೋದ್ರೆ ಗುರ್ ಅಂತಿದ್ದ. ಒಂದಿನ ಸಿಲಿಂಡರ್ ತರೋ ಹುಡುಗ ಹೆದರಿ ಗೇಟ್ ಹೊರಗೇ ಸಿಲಿಂಡರ್ ಇಟ್ಟು ಹೋದ. ಪಕ್ಕದ ಮನೆಯವರು ಓನರ್‌ಗೆ ದೂರು ಕೊಟ್ರು. ಆಗ ಈ ಟ್ರೇನರ್ ಸಿಕ್ಕಿದ್ದು.

ಹೆಸರು ಹಾಕ್ತಿಲ್ಲ, ದೂರು ಕೊಟ್ಟಿದ್ದೀವಿ, ಅದು ನಡೀಲಿ. ಊರ ಹೊರಗೆ ತೋಟ, ಸಾಲು ಕೆನ್ನೆಲ್‌ಗಳು, ಮಾತು ಮಾತ್ರ ಬೆಣ್ಣೆ. "ಮೇಡಂ, ಮೀರತ್‌ನ ಆರ್ಮಿ ಸೆಂಟರ್‌ನವರೇ 2016ರಲ್ಲಿ ಮುಧೋಳ ಮರಿಗಳನ್ನ ತಗೊಂಡು ಹೋದ್ರು, ನಂದೂ ಅದೇ ಆರ್ಮಿ ಮೆಥಡ್" ಅಂದ್ರು. ಆರ್ಮಿಯವರು ತಗೊಂಡಿದ್ದು ನಿಜ, ಪೇಪರ್‌ನಲ್ಲಿ ನಾನೇ ಓದಿದ್ದೆ. ಅದಕ್ಕೂ ಇವರಿಗೂ ಏನು ಸಂಬಂಧ ಅಂತ ಕೇಳಬೇಕಿತ್ತು, ಕೇಳಲಿಲ್ಲ. ಅರ್ಧ ಅಡ್ವಾನ್ಸ್, ಉಳಿದಿದ್ದು 20 ದಿನದೊಳಗೆ. ರಸೀದಿ ಕೇಳಿದ್ರೆ "ಯುಪಿಐನಲ್ಲಿ ಇರುತ್ತಲ್ಲ ಮೇಡಂ". ಮೊದಲ ಮೂರು ವಾರ ನೋಡೋಕೆ ಬರಬಾರದು, ನಿಮ್ಮನ್ನ ನೋಡಿದ್ರೆ ಟ್ರೇನಿಂಗ್ ಕೆಡುತ್ತೆ. ಮೂರು ವಾರ ಆದ್ಮೇಲೆ ಕೇಳಿದ್ರೆ, ಈಗ ಮುಖ್ಯವಾದ ಹಂತ, ಈಗಲೂ ಬೇಡ. ಇದನ್ನೂ ನಂಬಿದೆ. ವಿಡಿಯೋ ಬರ್ತಿತ್ತಲ್ಲ, ಡೇ 9, ಡೇ 17, ಡೇ 26, ಪ್ರತಿಯೊಂದರಲ್ಲೂ ಮಲ್ಲ ಸಿಟ್ ಅಂದ್ರೆ ಕೂರ್ತಿದ್ದ. ನಮ್ಮ ಫ್ಯಾಮಿಲಿ ಗ್ರೂಪ್‌ಗೆಲ್ಲ ನಾನೇ ಕಳಿಸಿದ್ದೆ. ಅದು ನೆನಪಾದ್ರೆ ಈಗಲೂ ಮೈ ಉರಿಯುತ್ತೆ.

ಕರ್ಕೊಂಡು ಬರೋ ದಿನ ತೋಟದಲ್ಲೇ ಡೆಮೋ ಕೊಟ್ರು. ಸಿಟ್, ಡೌನ್, ಸ್ಟೇ, ಎಲ್ಲಾ ಮಾಡಿದ. ಮುಂದೆ ಒಂದು ಕೋಳಿ ಓಡಿ ಹೋಯ್ತು, ಮಲ್ಲ ಅಲ್ಲಾಡಲಿಲ್ಲ. ನಾನು ಚಪ್ಪಾಳೆ ತಟ್ಟಿದೆ. ಅಷ್ಟು ಹೊತ್ತೂ ಆ ಮನುಷ್ಯನ ಬಲಗೈ ಪ್ಯಾಂಟ್ ಜೇಬಲ್ಲೇ ಇತ್ತು. ನೋಡಿದ್ದೆ, ಯಾಕೆ ಅಂತ ತಲೆಗೆ ಹೋಗಲಿಲ್ಲ. ಕೊನೆಗೆ "ಬೆಲ್ಟ್ ನಮ್ದು ಮೇಡಂ" ಅಂತ ಕತ್ತಿನ ಬೆಲ್ಟ್ ಬಿಚ್ಚಿಕೊಂಡು, ಒಂದು ಹಗ್ಗ ಕಟ್ಟಿ ಕೊಟ್ಟು ಕಳಿಸಿದ್ರು.

ಮನೆಗೆ ಬಂದ ಮಲ್ಲ ಯಾರ ಹತ್ರವೂ ಬರಲಿಲ್ಲ. ಅತ್ತೆ ರೊಟ್ಟಿ ಹಿಡ್ಕೊಂಡು ಕರೆದ್ರೂ ಇಲ್ಲ, ಗೋಡೆ ಪಕ್ಕ ಕೂತ. ಜಾಗ ಹೊಸದಾಯ್ತೇನೋ ಅಂದ್ಕೊಂಡ್ವಿ. ಸಂಜೆ ನಾನು ಸೋಫಾ ಮೇಲಿಂದ ಟಿವಿ ರಿಮೋಟ್ ತಗೊಂಡೆ. ಅಷ್ಟೇ ಮಾಡಿದ್ದು, ರಿಮೋಟ್ ಕೈಗೆ ತಗೊಂಡೆ. ಮಲ್ಲ ನೆಲಕ್ಕೆ ಅಂಟಿಕೊಂಡುಬಿಟ್ಟ. ಹೊಟ್ಟೆ, ಗದ್ದ, ಕಿವಿ ಎಲ್ಲಾ ನೆಲಕ್ಕೆ. ಬಾಲ ತೊಡೆ ಸಂದಿಗೆ ಹೋಯ್ತು. ಅವನ ಕೆಳಗಿಂದ ಉಚ್ಚೆ ಹರಿದು ನನ್ನ ಕಾಲಿನವರೆಗೂ ಬಂತು. ಕಣ್ಣು ಮಾತ್ರ ನನ್ನ ಕೈಯಲ್ಲಿದ್ದ ರಿಮೋಟ್ ಮೇಲೆ.

ಆಗ ಆ ಜೇಬಿನ ಕೈ ನೆನಪಾಯ್ತು. ಮೈ ತಣ್ಣಗಾಯ್ತು ನನಗೆ.

ಅತ್ತೆ ಓಡಿ ಬಂದು ಅವನ ಕತ್ತು ಸವರಿ, "ಏನವಾ ಇದು, ಮಲ್ಲ್ಯಾನ ಕುತ್ತಿಗಿಗೆ ಏನ್ ಮಾಡ್ಯಾರ ಇವರು?" ಅಂದ್ರು. ಗಂಟಲ ಕೆಳಗೆ, ಎರಡು ಬೆರಳು ಅಂತರದಲ್ಲಿ ಎರಡು ಹುಣ್ಣು, ಎರಡೂ ಒಂದೇ ಅಳತೆ, ಕೀವು ತುಂಬಿತ್ತು. ಮುಧೋಳದ ಕೂದಲು ಮೋಟು, ಚರ್ಮ ತೆಳು. ಹಗ್ಗ ಮುಚ್ಚಿಕೊಂಡಿತ್ತು, ಅದಕ್ಕೇ ತೋಟದಲ್ಲಿ ಕಾಣಲಿಲ್ಲ. ಮರುದಿನ ಡಾಕ್ಟ್ರು ನೋಡಿ, ಇದು ಕರೆಂಟ್ ಬೆಲ್ಟ್‌ನ (ರಿಮೋಟ್ ಒತ್ತಿದ್ರೆ ಕತ್ತಿಗೆ ಶಾಕ್ ಹೊಡೆಯೋ ಬೆಲ್ಟ್) ಎರಡು ಮೊನೆ ಒತ್ತಿರೋ ಜಾಗ, ಗಂಟೆಗಟ್ಟಲೆ ಬಿಗಿಯಾಗಿ ಕಟ್ಟಿಯೇ ಬಿಟ್ರೆ ಒತ್ತಡಕ್ಕೆ ಚರ್ಮ ಸತ್ತು ಹೀಗಾಗುತ್ತೆ ಅಂದ್ರು. ತೂಕ ಹಾಕಿದ್ರೆ ಹತ್ತೊಂಬತ್ತೂವರೆ ಕೆ.ಜಿ. ಹೋಗುವಾಗ 24 ಇದ್ದ.

ಅವತ್ತು ರಾತ್ರಿ ಕೂತು ವಿಡಿಯೋಗಳನ್ನೆಲ್ಲ ಮತ್ತೆ ನೋಡಿದೆ. ಮಲ್ಲನ ಕತ್ತಿಗೆ ಅತ್ತೆ ಒಂದು ಕರಿದಾರ ಕಟ್ಟಿದ್ರು, ಅದರಲ್ಲಿ ಒಂದು ಕವಡೆ. ಹನ್ನೆರಡನೇ ದಿನ ಈ ಮನುಷ್ಯ ಉಣ್ಣಿ ಔಷಧಿಗೆ 1,800 ಕಳಿಸಿ ಅಂತ ಒಂದು ಫೋಟೋ ಹಾಕಿದ್ದ, ಕಿವಿಯಲ್ಲಿರೋ ಉಣ್ಣಿ ತೋರಿಸೋಕೆ. ಆ ಫೋಟೋದಲ್ಲಿ ಕರಿದಾರ ಇಲ್ಲ, ಕಪ್ಪು ಡಬ್ಬಿ ಇರೋ ಬೆಲ್ಟ್ ಇದೆ. ಡೇ 17ರ ವಿಡಿಯೋದಲ್ಲಿ ದಾರ ಇದೆ, ಕವಡೆ ಇದೆ. ಡೇ 26ರಲ್ಲಿ ಇದೆ. ಡೇ 34ರಲ್ಲೂ ಇದೆ! ಹಿಂದೆ ಅದೇ ನೀಲಿ ಡ್ರಮ್, ಅದೇ ನೆರಳು, ಕೈಯಲ್ಲಿ ಅದೇ ಕೋಳಿ ಚೂರು. ಎಲ್ಲಾ ವಿಡಿಯೋನೂ ಮೊದಲ ಒಂದೆರಡು ದಿನದಲ್ಲೇ ತೆಗೆದು ಇಟ್ಟುಕೊಂಡು, ವಾರಕ್ಕೊಂದು ಕಳಿಸಿದ್ದಾರೆ. ನಾನು ಪ್ರತಿ ವಿಡಿಯೋಗೂ ಥ್ಯಾಂಕ್ಯೂ ಸರ್ ಅಂತ ಕಳಿಸಿದ್ದೀನಿ.

ಫೋನ್ ಮಾಡಿದೆ. ಉತ್ತರಗಳನ್ನ ಹಾಗೇ ಬರೀತೀನಿ, ಬೇರೆಯವರಿಗೂ ಇದನ್ನೇ ಹೇಳ್ತಾರೆ, ನೆನಪಿಟ್ಟುಕೊಳ್ಳಿ.

ಕರೆಂಟ್ ಬೆಲ್ಟ್ ಯಾಕೆ ಹಾಕಿದ್ರಿ ಅಂದ್ರೆ: "ಕರೆಂಟ್ ಅಲ್ಲ ಮೇಡಂ, ವೈಬ್ರೇಶನ್, ಮೊಬೈಲ್ ಥರ."
ಹುಣ್ಣು? "ಅದು ಉಣ್ಣಿ ಕಚ್ಚಿರೋದು."
ದಾರ? "ಅದು ಬೇರೆ ದಾರ ಮೇಡಂ, ನಮ್ಮ ಹುಡುಗರು ಕಟ್ಟಿದ್ದು." ಕವಡೆ ಸಮೇತ ಬೇರೆ ದಾರ!
ರಿಮೋಟ್ ಕಂಡ್ರೆ ಉಚ್ಚೆ ಮಾಡ್ಕೊಳ್ತಾನೆ ಅಂದೆ. "ಅದು ರೆಸ್ಪೆಕ್ಟ್ ಮೇಡಂ. ನಾಯಿ ಅಂದ್ರೆ ತೋಳ. ಗುಂಪಲ್ಲಿ ಒಬ್ಬ ಆಲ್ಫಾ, ಅಂದ್ರೆ ಲೀಡರ್, ಇರ್ತಾನೆ, ಈಗ ಅದಕ್ಕೆ ತನ್ನ ಜಾಗ ಗೊತ್ತಾಗಿದೆ. ನೀವು ಮುದ್ದು ಮಾಡಿ ಮತ್ತೆ ಹಾಳು ಮಾಡಬೇಡಿ."

ರೆಸ್ಪೆಕ್ಟ್ ಅಂತೆ. ಆ ಪದ ಕೇಳಿ ನನಗೆ ಅಳು ಬಂತು, ಫೋನಲ್ಲೇ ಅತ್ತುಬಿಟ್ಟೆ. ಆಮೇಲೆ ಓದಿದ್ಮೇಲೆ ತಿಳಿದಿದ್ದು, ಈ ಆಲ್ಫಾ ಮಾತನ್ನ 1970ರ ಹೊತ್ತಿಗೆ ಜನಪ್ರಿಯ ಮಾಡಿದ ಅಮೆರಿಕದ ತೋಳ ತಜ್ಞ ಡೇವಿಡ್ ಮೆಕ್ ಅವರೇ 1999ರಲ್ಲಿ ಅದು ಸರಿಯಲ್ಲ ಅಂತ ಬರೆದರು. ಅದು ಬೋನಿನಲ್ಲಿ ಒಟ್ಟಿಗೆ ಕೂಡಿಹಾಕಿದ ತೋಳಗಳನ್ನ ನೋಡಿ ಹೇಳಿದ ಮಾತು. ಕಾಡಿನ ತೋಳದ ಗುಂಪು ಅಂದ್ರೆ ಅಪ್ಪ, ಅಮ್ಮ, ಮಕ್ಕಳು. ನಮ್ಮ ಡಾಕ್ಟ್ರು ಇನ್ನೊಂದು ಹೇಳಿದ್ರು. 1967ರಲ್ಲಿ ಅಮೆರಿಕದಲ್ಲಿ ಸೆಲಿಗ್‌ಮನ್, ಮೇಯರ್ ಅನ್ನೋರು ನಾಯಿಗಳಿಗೆ ತಪ್ಪಿಸಿಕೊಳ್ಳೋಕಾಗದ ಹಾಗೆ ಶಾಕ್ ಕೊಟ್ಟು ನೋಡಿದ್ರಂತೆ. ಆಮೇಲೆ ತಪ್ಪಿಸಿಕೊಳ್ಳೋ ದಾರಿ ಇದ್ದಾಗಲೂ ಅವುಗಳಲ್ಲಿ ಸುಮಾರು ನಾಯಿಗಳು ಏಳದೆ ಅಲ್ಲೇ ಮಲಗಿ ಸಹಿಸಿಕೊಂಡವಂತೆ. ಕೋಳಿ ಓಡಿದಾಗ ಅಲ್ಲಾಡದೆ ಕೂತಿದ್ದ ಮಲ್ಲನಿಗೆ ನಾನು ಚಪ್ಪಾಳೆ ತಟ್ಟಿದ್ದು, ಇದನ್ನ ಕೇಳಿದಾಗಿಂದ ತಲೆಯಿಂದ ಹೋಗ್ತಿಲ್ಲ.

ಇನ್ನೂ ಇದೆ. ಬಂದ ಐದನೇ ದಿನ ಮಲ್ಲ ನನ್ನ ಮಗನ ಕೈಗೆ ಬಾಯಿ ಹಾಕಿದ. ಮುಂಚೆ ತಟ್ಟೆ ಹತ್ರ ಹೋದ್ರೆ ಗುರ್ ಅಂತಿದ್ದ, ನಾವು ಹಿಂದೆ ಸರೀತಿದ್ವಿ. ಈ ಸಲ ಗುರ್ ಅನ್ನಲಿಲ್ಲ, ಸೀದಾ ಬಾಯಿ. ಗುರ್ ಅನ್ನೋದು ನಾಯಿ ಕೊಡೋ ಎಚ್ಚರಿಕೆ, ಗುರ್ ಅಂದಾಗೆಲ್ಲ ಹೊಡೆದ್ರೆ ಎಚ್ಚರಿಕೆ ಕೊಡೋದು ನಿಲ್ಲಿಸುತ್ತೆ, ಕಚ್ಚೋದು ನಿಲ್ಲಿಸಲ್ಲ ಅಂದ್ರು ಡಾಕ್ಟ್ರು. ಮಗನಿಗೆ ರೇಬೀಸ್ ಇಂಜೆಕ್ಷನ್ ಶುರು ಮಾಡಿಸಿದ್ವಿ. ಇದನ್ನೂ ಆ ಮನುಷ್ಯನಿಗೆ ತಿಳಿಸಿದೆ. ಬಂದ ಉತ್ತರ: "ಇನ್ನೂ 15 ದಿನ ಬಿಡಿ ಮೇಡಂ, ನಿಮಗೋಸ್ಕರ 12 ಸಾವಿರಕ್ಕೆ ಮಾಡಿಕೊಡ್ತೀನಿ." ಹುಣ್ಣಿನ ಫೋಟೋ, ಡಾಕ್ಟ್ರ ಚೀಟಿ ಕಳಿಸಿ ದುಡ್ಡು ವಾಪಸ್ ಕೊಡಿ ಅಂದೆ. ಹೆಬ್ಬೆರಳು ಎತ್ತಿದ ಚಿತ್ರ ಒಂದು ಬಂತು. ಆಮೇಲೆ ಬ್ಲಾಕ್.

ಸ್ಟೇಷನ್‌ಗೂ ಹೋಗಿ ಬಂದ್ವಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಇದೆ, ಆದ್ರೆ ಮೊದಲ ಸಲದ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಐವತ್ತು ರೂಪಾಯಿ! ಅದಕ್ಕೇ ಗ್ರಾಹಕರ ಆಯೋಗಕ್ಕೂ ಹಾಕಿದ್ದೀವಿ. 5 ಲಕ್ಷದವರೆಗಿನ ದೂರಿಗೆ ಫೀಸು ಇಲ್ಲ. 1915ಕ್ಕೆ ಫೋನ್ ಮಾಡಿದ್ರೆ ದಾರಿ ಹೇಳ್ತಾರೆ. ಯುಪಿಐ, ವಾಟ್ಸಾಪ್ ಯಾವುದನ್ನೂ ಸಿಟ್ಟಲ್ಲಿ ಅಳಿಸಬೇಡಿ, ನನ್ನ ಹತ್ರ ಈಗ ಉಳಿದಿರೋ ಸಾಕ್ಷಿ ಅದೇ.

ಟ್ರೇನರ್ ಬೇಕೇ ಬೇಕು ಅಂದ್ರೆ ಮನೆಗೆ ಬಂದು, ಚೈನು ನಿಮ್ಮ ಕೈಗೇ ಕೊಟ್ಟು ಕಲಿಸೋರನ್ನ ಹುಡುಕಿ. ನಾಯಿ ತಪ್ಪು ಮಾಡಿದ್ರೆ ಏನು ಮಾಡ್ತೀರಿ ಅಂತ ಮೊದಲೇ ಕೇಳಿ. ಬರಬೇಡಿ ಅಂದ್ರೆ ಅವತ್ತೇ ಹೇಳದೆ ಕೇಳದೆ ಹೋಗಿ ನಿಂತುಕೊಳ್ಳಿ. ಕೈ ಜೇಬಲ್ಲಿದ್ರೆ ಹೊರಗೆ ತೆಗಿಸಿ.

ಈಗ ಡಾಕ್ಟ್ರು ಹೇಳಿಕೊಟ್ಟ ಹಾಗೆ ಮನೇಲೇ ಮಾಡ್ತಿದ್ದೀವಿ. ತಟ್ಟೆ ಹತ್ರ ಹೋಗುವಾಗೆಲ್ಲ ದೂರದಿಂದಲೇ ಒಂದು ಕೋಳಿ ಚೂರು ಎಸೀತೀವಿ, ತಟ್ಟೆ ಕಿತ್ಕೊಳ್ಳಲ್ಲ. ಸ್ಕೂಟರ್ ಓಡಾಡದ ಹೊತ್ತಲ್ಲಿ, ಬೆಳಗ್ಗೆ ಐದಕ್ಕೆ, ಉದ್ದ ಹಗ್ಗ ಹಿಡಿದು ಖಾಲಿ ಸೈಟ್‌ನಲ್ಲಿ ಓಡಿಸ್ತೀವಿ. ಕತ್ತಿಗೆ ಏನೂ ಹಾಕಲ್ಲ, ಎದೆಗೆ ಹಾಕೋ ಪಟ್ಟಿ ತಂದಿದ್ದೀವಿ. ಟಿವಿ ರಿಮೋಟ್ ಬೀರು ಒಳಗಿದೆ. ಅತ್ತೆ ಹೊಸ ಕರಿದಾರ ಹೊಸೆದು ಇಟ್ಟಿದ್ದಾರೆ, ಕವಡೆನೂ ಪೋಣಿಸಿದ್ದಾರೆ, ಕಟ್ಟೋಕೆ ಹೋದ್ರೆ ಮಲ್ಲ ಕಣ್ಣು ಮುಚ್ಚಿಕೊಂಡು ನಡುಗ್ತಾನೆ. ದೇವರ ಮನೆಯಲ್ಲೇ ಇದೆ ಅದು.